ಒಂದು ಚಮಚ ಸೋಮಾರಿ ಕೇಕು

ಮಾರ್ಚ್ 3

ಅಣ್ಣನಿಗೆ,

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುತ್ತಾರೆ. ನಾನು ಅರ್ಧ ಕ್ಷೇಮ ಎಂದು ಬರೆಯುತ್ತೇನೆ. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆದಾಗ ನಿನಗೆ ನಾಲ್ಕು ಪುಟ ಬರೆದಿದ್ದೆ. ಮೂರು ತಿಂಗಳಾದ ಮೇಲೆ ಯಾವುದೋ ಬಂದರಿನ ಚಿತ್ರವಿದ್ದ ಕಾರ್ಡು ಬಂತು, ಅದರಲ್ಲಿ "ಚೆನ್ನಾಗಿ ನೋಡಿಕೋ" ಎಂದು ಎರಡೇ ಪದ. ನೋಡಿಕೊಳ್ಳುತ್ತಿದ್ದೇನೆ ಮಹಾರಾಯ. ಈಗ ಜಗಳಕ್ಕೆ ಬರೆಯುತ್ತಿಲ್ಲ, ನಿನ್ನಿಂದ ಒಂದು ಕೆಲಸವಾಗಬೇಕಿದೆ.

ಅಪ್ಪ ಸೋಮಾರಿ ಕೇಕು ಕೇಳುತ್ತಿದ್ದಾನೆ.

ಅವನಿಗೆ ಮಾತು ಹೆಚ್ಚು ಬರುವುದಿಲ್ಲ. ಬಲಗೈ, ಬಲಗಾಲು ಎರಡೂ ಹೋಗಿವೆ. ಎಡಗೈಯಲ್ಲಿ ಒಂದು ಚಮಚ ಹಿಡಿದಿರುತ್ತಾನೆ. ಮಂಚದ ಕಬ್ಬಿಣದ ಕಂಬಿಗೆ ಅದರಿಂದ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಬೇಡ. ಹಣ್ಣಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಡಬ್ಬಿ ಬಡಿದು, ಸದ್ದಿನಲ್ಲೇ ಒಳಗಿನ ಹಣ್ಣು ಕೆಟ್ಟಿದೆಯೋ ಇಲ್ಲವೋ ಎಂದು ಹೇಳುತ್ತಿದ್ದವನಿಗೆ ಈಗಲೂ ಅದೇ ಉದ್ಯೋಗ. ಹೋದ ವಾರ ಅಲಮಾರಿನ ಮೇಲಿದ್ದ ಪೀಚ್ ಡಬ್ಬಿಯ ಕಡೆ ಚಮಚ ತೋರಿಸಿ, ಬೆವರಿಳಿಸಿಕೊಂಡು, "ನಿಮ್ಮಮ್ಮ... ಭಾನುವಾರ" ಅಂದ. "ಸೋಮಾರಿ ಕೇಕಾ?" ಅಂತ ಕೇಳಿದೆ. ಒಂದು ಸಲ ಬಡಿದ. ಅಂದಿನಿಂದ ದಿನವೂ ಬಡಿಯುತ್ತಿದ್ದಾನೆ.

ನಿನಗೆ ನೆನಪಿದೆಯಲ್ಲ, ನೆಗ್ಗಿದ ಡಬ್ಬಿಗಳು ಮಾರಾಟಕ್ಕೆ ಹೋಗುವುದಿಲ್ಲ ಎಂದು ಅಪ್ಪ ಮನೆಗೆ ತರುತ್ತಿದ್ದ. ಅಮ್ಮ ಪ್ರತಿ ಭಾನುವಾರ ಆ ಹಣ್ಣನ್ನು ಹಿಟ್ಟಿನ ಜೊತೆ ಓವನ್‌ಗೆ ತಳ್ಳಿ, ಕುರ್ಚಿಯಲ್ಲಿ ಕಾಲು ಚಾಚಿಕೊಂಡು, ಇದಕ್ಕಿಂತ ಸುಲಭದ ಸಿಹಿ ಭೂಮಿಯ ಮೇಲಿಲ್ಲ ಎನ್ನುತ್ತಿದ್ದಳು. ಪುಸ್ತಕದಲ್ಲಿ ಅದಕ್ಕೆ ಪೀಚ್ ಕಾಬ್ಲರ್ ಎಂದು ಹೆಸರಂತೆ. ಅಮ್ಮ ಯಾವುದನ್ನೂ ಬರೆದಿಟ್ಟವಳಲ್ಲ. ಅವಳು ಮಾಡುವಾಗ ನಾನು ಬೀದಿಯಲ್ಲಿ ಕುಣಿಯುತ್ತಿದ್ದೆ, ನೀನು ಅವಳ ಬೆನ್ನಿಗೇ ಅಂಟಿಕೊಂಡಿರುತ್ತಿದ್ದೆ. ಹಡಗಿನಲ್ಲಿ ಅಷ್ಟೊಂದು ಜನಕ್ಕೆ ಅಡುಗೆ ಮಾಡಿಹಾಕುವವನು ನಮ್ಮ ಮನೆಗೂ ಒಂದು ಅಡುಗೆ ಬರೆದು ಕಳಿಸು. ನಮ್ಮ ಓವನ್ನಿನ ಬಾಗಿಲು ಮುರಿದು ವರ್ಷಗಳಾದವು. ಎದುರು ಮನೆಯ ಬಸ್ ಕಂಡಕ್ಟರಮ್ಮ ತನ್ನದನ್ನು ಕೊಡುತ್ತೇನೆ ಎಂದಿದ್ದಾಳೆ.

ಅಪ್ಪನ ಗಂಟಲು ಸ್ವಲ್ಪ ತಕರಾರು ಮಾಡುತ್ತದೆ, ಅಷ್ಟು ಬಿಟ್ಟರೆ ಪರವಾಗಿಲ್ಲ. ನಾನು ಮನೆಯಲ್ಲೇ ಆಸ್ಪತ್ರೆಗಳಿಗೆ ಪರದೆ ಹೊಲಿಯುತ್ತೇನೆ. ಎಲ್ಲಾ ಹಸಿರು. ಕಣ್ಣು ಮುಚ್ಚಿದರೂ ಹಸಿರೇ ಕಾಣುತ್ತದೆ.

ನಿನ್ನ ಮೊಂಡಿ

*

ಮಾರ್ಚ್ 29

ಮೊಂಡಿಗೆ,

ನಿನ್ನ ಕಾಗದ ಹಡಗು ಕಂಪನಿಯ ಟಪಾಲು ಚೀಲದಲ್ಲಿ ಮೂರು ಬಂದರು ಸುತ್ತಿ ನಿನ್ನೆ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೆಯ ಸಲ ಬರಲಿಲ್ಲ.

ಹನ್ನೊಂದು ವರ್ಷದಿಂದ ಇಪ್ಪತ್ತಮೂರು ಜನರ ಹೊಟ್ಟೆ ನೋಡಿಕೊಳ್ಳುತ್ತಿದ್ದೇನೆ. ನಡುಸಮುದ್ರದಲ್ಲಿ ಊಟ ಕೆಟ್ಟರೆ ಎದ್ದು ಹೋಗಲು ಬೇರೆ ಹೋಟೆಲಿಲ್ಲ, ಆದ್ದರಿಂದ ಎಲ್ಲರೂ ನನಗೆ ಮರ್ಯಾದೆ ಕೊಡುತ್ತಾರೆ. ಸೌಟಣ್ಣ ಎನ್ನುತ್ತಾರೆ. ಅಪ್ಪ ಬೈಯಲು ಬಳಸುತ್ತಿದ್ದ ಪದವೇ ಇಲ್ಲಿ ಬಿರುದಾಗಿದೆ. "ಸೌಟು ಹಿಡ್ಕೊಂಡು ನಿಂತ್ರೆ ಗಂಡಸಾಗ್ತೀಯೇನೋ?" ನಿನಗೂ ಕೇಳಿಸಿರಬೇಕು, ಬೀದಿಗೆಲ್ಲ ಕೇಳಿಸುತ್ತಿತ್ತು. ಅಮ್ಮ ಹೋಗಿ ಹದಿನೈದು ದಿನಕ್ಕೆ ನಾನೇ ಸೋಮಾರಿ ಕೇಕು ಮಾಡಿ ಅಪ್ಪನ ಮುಂದಿಟ್ಟಿದ್ದೆ. ಅವನು ತಟ್ಟೆಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಒಣ ಬ್ರೆಡ್ಡು ತಿಂದು ಡ್ಯೂಟಿಗೆ ಹೋದ. ಮರುವಾರ ನಾನು ಹಡಗು ಹತ್ತಿದೆ. ನೀನು ಆವತ್ತು ಮನೆಯಲ್ಲಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇರಲಿ, ಬರೆದುಕೋ. ಡಬ್ಬಿಯ ಪೀಚ್ ಆದರೆ ದೊಡ್ಡ ಡಬ್ಬಿ ಒಂದು ಸಾಕು. ಅರ್ಧ ರಸ ಬಸಿದು ಕುಡಿದುಬಿಡು, ಅದು ಅಡುಗೆಯವರ ಪಾಲು. ತಾಜಾ ಹಣ್ಣಾದರೆ ಆರೋ ಏಳೋ ಬೇಕು. ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಬಿಡುತ್ತದೆ. ಹೋಳು ಮಾಡಿ, ಅರ್ಧ ಲೋಟ ಸಕ್ಕರೆ ಹಾಕಿ, ನಿಂಬೆಹಣ್ಣು ಹಿಂಡಿ, ಒಂದು ಕುದಿ ಬರಿಸು. ಬೇರೆ ಪಾತ್ರೆಯಲ್ಲಿ ಒಂದು ಲೋಟ ಮೈದಾ, ಒಂದು ಲೋಟ ಸಕ್ಕರೆ, ಎರಡು ಚಿಕ್ಕ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಒಂದು ಲೋಟ ಹಾಲು ಹಾಕಿ ಗಂಟಿಲ್ಲದಂತೆ ಕಲಸು. ಅಷ್ಟರಲ್ಲಿ ಅಗಲದ ತಟ್ಟೆಯಲ್ಲಿ ಅರ್ಧ ಲೋಟ ಬೆಣ್ಣೆಯಿಟ್ಟು ಓವನ್ನಿನೊಳಗೇ ಕರಗಿಸು. ಕರಗಿದ ಬೆಣ್ಣೆಯ ಮೇಲೆ ಹಿಟ್ಟು ಹೊಯ್ಯಿ, ಹಿಟ್ಟಿನ ಮೇಲೆ ಬಿಸಿ ಹಣ್ಣು ಹರಡು. ಇಲ್ಲಿಂದ ಮುಂದೆ ನಿನ್ನ ಕೈ ಕಟ್ಟಿಹಾಕಿಕೋ. ಕಲಕಬಾರದು. ನಿನಗೆ ಕಲಕಬೇಕು ಅನ್ನಿಸುತ್ತದೆ, ನನಗೆ ಗೊತ್ತು, ಆದರೂ ಕಲಕಬಾರದು. ಮುಕ್ಕಾಲು ಗಂಟೆಯಲ್ಲಿ ಹಿಟ್ಟು ತಾನೇ ಹಣ್ಣಿನ ಸಂದಿಯಿಂದ ಮೇಲೆದ್ದು ಕೆಂಪಗೆ ಗರಿಗರಿಯಾಗುತ್ತದೆ. ಹಣ್ಣು ಅಡಿಯಲ್ಲಿ ರಸದ ಜೊತೆ ಉಳಿಯುತ್ತದೆ.

ನಾನು ಹೇಳಿಕೊಟ್ಟಿದ್ದು ಎಂದು ಅಪ್ಪನಿಗೆ ಹೇಳಬೇಡ. ಹೇಳಿದರೆ ಬಾಯಿ ತೆರೆಯುವುದಿಲ್ಲ. ಬೇಕಾದರೆ ತಿಂದ ಮೇಲೆ ಹೇಳು. ಏನು ಮಾಡಿದ ಎಂದು ನನಗೆ ಬರೆ.

ನಿನ್ನ ಅಣ್ಣ

*

ಏಪ್ರಿಲ್ 21

ಅಣ್ಣನಿಗೆ,

ಕಲಕಿದೆ.

ನೀನು ಬೇಡ ಅಂದಿದ್ದಕ್ಕೇ ಕಲಕಿದೆ ಎಂದು ನಗಬೇಡ. ಬೆಣ್ಣೆ ಒಂದು ಕಡೆ, ಹಿಟ್ಟು ಒಂದು ಕಡೆ ಮುನಿಸಿಕೊಂಡು ನಿಂತಿದ್ದು ನೋಡಿ ಕೈ ತಡೆಯಲಿಲ್ಲ. ಕೊನೆಗೆ ಆಗಿದ್ದನ್ನು ಗೋಡೆಗೆ ಮೆತ್ತಿದ್ದರೆ ಇಟ್ಟಿಗೆ ನಿಲ್ಲುತ್ತಿತ್ತು. ಕಂಡಕ್ಟರಮ್ಮ ತಿಂದು, "ರುಚಿಯಾಗಿದೆ, ಆದ್ರೆ ಇದೇನು ಅಂತ ಗೊತ್ತಾಗ್ಲಿಲ್ಲ" ಅಂದಳು. ಮುಂದಿನ ಭಾನುವಾರ ಕೈ ಕಟ್ಟಿ ಕೂತೆ. ಆಗ ಬಂತು ನೋಡು, ಥೇಟ್ ಅಮ್ಮನದೇ. ವಾಸನೆಗೆ ಅಪ್ಪ ಮಂಚದ ಮೇಲಿಂದಲೇ ಒಂದೇ ಸಮನೆ ಬಡಿಯತೊಡಗಿದ. ಮೂರು ಮನೆ ಆಚೆಯವರು ಏನಾಯಿತು ಎಂದು ನೋಡಲು ಬಂದರು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಾಗದವಾಗುತ್ತಿತ್ತು. ಹೋದ ಸಲ ನಿನಗೆ ಗಂಟಲು ಸ್ವಲ್ಪ ತಕರಾರು ಎಂದು ಬರೆದಿದ್ದೆನಲ್ಲ, ಅದು ಸ್ವಲ್ಪ ಅಲ್ಲ.

ಆಸ್ಪತ್ರೆಯಿಂದ ಒಬ್ಬ ಹುಡುಗಿ ವಾರಕ್ಕೊಮ್ಮೆ ಬರುತ್ತಾಳೆ. ರೋಗಿಗಳಿಗೆ ನುಂಗುವುದನ್ನು ಮತ್ತೆ ಕಲಿಸುವುದು ಅವಳ ಕೆಲಸ. ನಾನು ನುಂಗೋ ಟೀಚರ್ ಎನ್ನುತ್ತೇನೆ. ಅಪ್ಪನ ಗಂಟಲಿನ ಒಂದು ಪಕ್ಕ ಸತ್ತಿದೆಯಂತೆ. ನೀರಿಗೂ ಪುಡಿ ಹಾಕಿ ಗಟ್ಟಿ ಮಾಡಿ ಕೊಡಬೇಕು. ಬೇಯಿಸಿದ್ದನ್ನೆಲ್ಲ ಮಿಕ್ಸಿಗೆ ಹಾಕಿ ನಯವಾಗಿ ರುಬ್ಬಬೇಕು. ನೆಟ್ಟಗೆ ಕೂರಿಸಿ, ಗದ್ದ ಎದೆಗೆ ತಾಗಿಸಿ, ಒಂದು ತುತ್ತಿಗೆ ಎರಡು ಸಲ ನುಂಗಿಸಬೇಕು. ಎಲ್ಲಕ್ಕಿಂತ ಅಪಾಯದ್ದು ಗಟ್ಟಿಯೂ ರಸವೂ ಕೂಡಿದ ಪದಾರ್ಥ. ಬಾಯಿ ಗಟ್ಟಿಯದನ್ನು ಅಗಿಯುವಷ್ಟರಲ್ಲಿ ರಸ ಜಾರಿ ಶ್ವಾಸಕೋಶಕ್ಕೆ ಹೋಗುತ್ತದೆ, ಕೆಮ್ಮೂ ಬರುವುದಿಲ್ಲ, ಮೂರನೇ ದಿನ ಜ್ವರ ಬಂದಾಗಲೇ ಗೊತ್ತಾಗುವುದು. ಇಷ್ಟನ್ನೂ ನಾನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಅದಕ್ಕೇ ಸೋಮಾರಿ ಕೇಕನ್ನೂ ರುಬ್ಬಿದೆ. ಕಂದು ಬಣ್ಣದ ಒಂದು ಬಟ್ಟಲು ಆಯಿತು. ಚಮಚ ತುಟಿಯ ಹತ್ತಿರ ತಂದಾಗ ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ, ಎರಡು ಸಲ ಬಡಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡ. ಅವತ್ತಿನಿಂದ ಬೇರೆ ಊಟಕ್ಕೂ ಎರಡೇ ಬಡಿತ. ಬಲವಂತ ಮಾಡಿದರೆ ಎರಡು ಚಮಚ ಹೋಗುತ್ತದೆ. ಮೊದಲು ಮಗ್ಗುಲು ಬದಲಿಸಲು ಕಂಡಕ್ಟರಮ್ಮನನ್ನು ಕರೆಯಬೇಕಿತ್ತು, ಈಗ ನಾನೊಬ್ಬಳೇ ಸಾಕು. ಹೊಟ್ಟೆಗೆ ನೇರವಾಗಿ ನಳಿಕೆ ಹಾಕೋಣ ಎಂದು ಟೀಚರ್ ಕೇಳಿದಳು. ಎರಡು ಬಡಿತ. ಡಾಕ್ಟರ್ ಬಂದು ಕೇಳಿದರು. ಎರಡು ಬಡಿತ.

ರುಬ್ಬಿದರೂ ಅದರ ರುಚಿ ಉಳಿಯುವ ಹಾಗೆ ಮಾಡಲು ನಿಮ್ಮ ಕಡೆ ಏನಾದರೂ ಉಪಾಯವಿದೆಯಾ? ಅಡುಗೆಯವನು ನೀನು. ಬೇಗ ಬರೆ.

ಮೊಂಡಿ

*

ಮೇ 16

ಮೊಂಡಿ,

ನಿನ್ನ ಕಾಗದ ಓದಿ ಸಿಟ್ಟು ಬಂತು. ನಿನ್ನ ಮೇಲೋ, ಆ ಟೀಚರ್ ಮೇಲೋ, ಇಷ್ಟು ದಿನ ನಿಜ ಮುಚ್ಚಿಟ್ಟಿದ್ದಕ್ಕೋ, ಗೊತ್ತಿಲ್ಲ. ಪಾತ್ರೆ ತೊಳೆಯುವವನ ಮೇಲೆ ತೀರಿಸಿಕೊಂಡೆ. ಪಾಪ, ಆಮೇಲೆ ಅವನಿಗೆ ಒಂದು ಮೊಟ್ಟೆ ಹೆಚ್ಚು ಹಾಕಿದೆ.

ರುಬ್ಬಿದೆಯಂತೆ! ಅದನ್ನು ರುಬ್ಬಿದ ಮೇಲೆ ಉಳಿಯುವುದೇನು? ಆ ತಿಂಡಿ ಇರುವುದೇ ಮೇಲೆ ಗರಿಗರಿ ಪದರ, ಕೆಳಗೆ ಹಣ್ಣು, ಅದರ ಸುತ್ತ ರಸ ಎಂದು. ಉಪಾಯ ಗಿಪಾಯ ಏನೂ ಇಲ್ಲ. ಅಪ್ಪ ಮುಖ ತಿರುಗಿಸಿದ್ದು ಸರಿಯಾಗಿಯೇ ಇದೆ. ಜೀವಮಾನವೆಲ್ಲ ಕೆಟ್ಟ ಡಬ್ಬಿ ಆರಿಸಿ ಬಿಸಾಕಿದವನಿಗೆ ನೀನು ಕಂದು ಗಸಿ ಹಿಡಿದು ಕೇಕು ಎಂದರೆ ನಂಬುತ್ತಾನಾ?

ಕೇಳು. ಇಲ್ಲಿ ಒಬ್ಬ ಮುದುಕ ಎಂಜಿನಿಯರ್ ಇದ್ದ. ಹೊಟ್ಟೆಯಲ್ಲಿ ಹುಣ್ಣು, ಡಾಕ್ಟರ್ ಎಲ್ಲದಕ್ಕೂ ಬೇಡ ಎಂದಿದ್ದರು. ಮೂರು ವಾರ ಸಪ್ಪೆ ತಿಂದು ಹೆಣದ ಹಾಗಾಗಿದ್ದ. ನಾನು ಕದ್ದು ಒಂದು ತುಂಡು ಹುರಿದ ಮೀನು ಕೊಟ್ಟೆ. ಅಳುತ್ತಾ ತಿಂದ, ಮಾರನೇ ದಿನದಿಂದ ಸಪ್ಪೆಯನ್ನೂ ತಿಂದ. ಮನುಷ್ಯನಿಗೆ ಒಂದು ತುತ್ತು ಇಷ್ಟದ್ದು ಸಿಕ್ಕರೆ ಉಳಿದ ನೂರು ತುತ್ತು ಇಳಿಯುತ್ತದೆ. ನಿನ್ನ ಟೀಚರ್ ಗಂಟಲು ನೋಡಿದ್ದಾಳೆ, ಅಪ್ಪನನ್ನು ನೋಡಿಲ್ಲ.

ಒಂದು ಚಮಚ ಹಾಗೇ ಕೊಡು. ರುಬ್ಬಬೇಡ. ಮೇಲಿನ ಗರಿ ಸ್ವಲ್ಪ, ಒಂದು ಹೋಳು ಹಣ್ಣು, ರಸ. ಒಂದು ಚಮಚಕ್ಕೆ ಯಾರೂ ಸಾಯುವುದಿಲ್ಲ. ಏನಾದರೂ ಆದರೆ ನನ್ನ ತಲೆಯ ಮೇಲಿರಲಿ.

ಕೊಟ್ಟು ಬರೆ. ಅಪ್ಪ ತಿಂದ ಎಂಬ ಒಂದು ಸಾಲಿಗೆ ನಾನು ಹನ್ನೊಂದು ವರ್ಷದಿಂದ ಕಾಯುತ್ತಿದ್ದೇನೆ ಎಂದು ನಿನ್ನ ಕಾಗದ ಬಂದ ಮೇಲೇ ನನಗೆ ಗೊತ್ತಾಗಿದ್ದು.

ಅಣ್ಣ

*

ಜೂನ್ 11

ಅಣ್ಣನಿಗೆ,

ಕಂಪನಿಯವರು ಕಳಿಸಿದ ವೈರ್‌ಲೆಸ್ ಸಂದೇಶ ನಿನಗೆ ತಲುಪಿರುತ್ತದೆ. ಅಪ್ಪ ಆರನೇ ತಾರೀಕು ಶುಕ್ರವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಮಾರನೇ ದಿನವೇ ಎಲ್ಲ ಮುಗಿಸಿದೆವು. ಕಾರ್ಖಾನೆಯ ಹಳಬರು ಎಂಟು ಜನ ಬಂದಿದ್ದರು.

ನಿನ್ನ ಕಾಗದ ಬಂತು. ನೀನು ಬರೆದ ಹಾಗೆಯೇ ಮಾಡಿದೆ. ರುಬ್ಬದೆ, ಹಾಗೇ, ಗರಿ, ಹಣ್ಣು, ರಸ. ತಿಂದ. ಕೆಮ್ಮಲಿಲ್ಲ. ಮೂರನೇ ದಿನ ಜ್ವರ ಬಂತು, ಉಸಿರಿನಲ್ಲಿ ನೀರು ಕುದಿಯುವ ಸದ್ದು ಬಂತು. ಆಸ್ಪತ್ರೆಗೆ ಸೇರಿಸಿದೆ. ಶ್ವಾಸಕೋಶಕ್ಕೆ ಊಟ ಹೋಗಿದೆ ಎಂದು ಡಾಕ್ಟರ್ ಹೇಳಿದರು.

ಇನ್ನೇನು ಬರೆಯಲಿ?

ನಿನ್ನ ತಂಗಿ

*

ಜುಲೈ 9

ತಂಗೀ,

ವೈರ್‌ಲೆಸ್ ಬಂದ ದಿನ ಅತ್ತೆ, ಆದರೂ ಸಂಜೆಗೆ ಅಡುಗೆ ಮಾಡಿದೆ. ಅಪ್ಪನಿಗೆ ವಯಸ್ಸಾಗಿತ್ತು, ಕಾಯಿಲೆಯಿತ್ತು, ಎಂದು ಎಲ್ಲರೂ ಬೆನ್ನು ತಟ್ಟಿದರು. ನಾನೂ ಹೌದೆಂದೆ. ನಿನ್ನ ಕಾಗದ ನಿನ್ನೆ ಬಂತು.

ಓದಿದಾಗ ಮಧ್ಯಾಹ್ನದ ಊಟ ಬಡಿಸುತ್ತಿದ್ದೆ. ಹನ್ನೆರಡು ತಟ್ಟೆಗೆ ಹಾಕಿದ್ದೆ, ಹದಿಮೂರನೆಯದಕ್ಕೆ ಸೌಟು ಎತ್ತಲು ಆಗಲಿಲ್ಲ. ಸೌಟು ಭಾರವಾಗಿತ್ತು ಎಂದಲ್ಲ. ಆ ತಟ್ಟೆ ಹಿಡಿದು ನಿಂತವನು ಬಾಯಲ್ಲಿ ಇಟ್ಟುಕೊಳ್ಳುತ್ತಾನೆ, ನುಂಗುತ್ತಾನೆ ಎಂದು ನೆನೆದೇ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹಿಂದೆ ಸರಿದೆ. ಪಾತ್ರೆ ತೊಳೆಯುವವನೇ ಉಳಿದವರಿಗೆ ಬಡಿಸಿದ.

ಆ ಎಂಜಿನಿಯರ್ ಕಥೆ ನಿನಗೆ ಬರೆದಿದ್ದೆನಲ್ಲ. ನಿಜವೇ ಅದು. ಆದರೆ ಅವನಿಗಿದ್ದದ್ದು ಹೊಟ್ಟೆಯ ಹುಣ್ಣು. ಗಂಟಲಿಗೂ ಹೊಟ್ಟೆಗೂ ವ್ಯತ್ಯಾಸ ಗೊತ್ತಿಲ್ಲದ ನಾನು ನಿನಗೆ ಬುದ್ಧಿ ಹೇಳಿದೆ. ನೀನು ಗೋಡೆಗೆ ಹಾಳೆ ಅಂಟಿಸಿದವಳು, ತಿಂಗಳುಗಟ್ಟಲೆ ನೀರಿಗೂ ಪುಡಿ ಹಾಕಿ ಕೊಟ್ಟವಳು. ನಿನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಈ ದಡ್ಡನ ಮಾತು ಯಾಕೆ ಕೇಳಿದೆ? ಬೈಯುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಅಣ್ಣ ಹೇಳಿದ ಎಂದು ನೀನು ಹುಟ್ಟಿದಾಗಿನಿಂದ ಯಾವುದನ್ನು ಮಾಡಿದ್ದೀಯ? ಕಲಕಬೇಡ ಎಂದರೆ ಕಲಕಿದವಳು ನೀನು. ಇದೊಂದನ್ನು ಕೇಳಿಬಿಟ್ಟೆ.

ಎರಡು ವಿಷಯ ಬರೆ. ಅಪ್ಪ ಕೊನೆಗೆ ತುಂಬ ಸಂಕಟಪಟ್ಟನಾ? ಆ ಕೇಕು ನಾನು ಹೇಳಿಕೊಟ್ಟದ್ದು ಎಂದು ಅವನಿಗೆ ಹೇಳಿದೆಯಾ? ಹೇಳದಿದ್ದರೂ ಪರವಾಗಿಲ್ಲ.

ಅಣ್ಣ

*

ಆಗಸ್ಟ್ 30

ತಂಗೀ,

ನಿನ್ನಿಂದ ಕಾಗದವಿಲ್ಲ. ಎರಡು ಬಂದರಿನಲ್ಲಿ ಚೀಲ ಬಂತು, ಎರಡರಲ್ಲೂ ಇರಲಿಲ್ಲ. ಕೋಪವಿರುವುದು ಸಹಜ. ನನ್ನ ಮುಖ ನೋಡಬಾರದು ಅನ್ನಿಸಿದರೆ ಅದನ್ನೇ ಒಂದು ಸಾಲು ಬರೆ, ಕಾಯುವುದಾದರೂ ತಪ್ಪುತ್ತದೆ.

ನಾನು ಅಡುಗೆಮನೆ ಬಿಟ್ಟೆ. ಕ್ಯಾಪ್ಟನ್ ಎರಡು ದಿನ ಬೈದು, ಮೂರನೇ ದಿನ ಕೆರೆಯುವ ಉಳಿ ಕೈಗೆ ಕೊಟ್ಟರು. ಡೆಕ್ಕಿನ ಮೇಲೆ ತುಕ್ಕು ಕೆರೆದು ಬಣ್ಣ ಹೊಡೆಯುತ್ತೇನೆ. ಒಳ್ಳೆಯ ಕೆಲಸ. ತಪ್ಪಾದರೆ ಇನ್ನೊಂದು ಸಲ ಬಣ್ಣ ಹೊಡೆಯಬಹುದು, ಯಾರೂ ಸಾಯುವುದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅಮ್ಮ ಹೇಳುತ್ತಿದ್ದಳು. ನನಗೆ ಬುದ್ಧಿಯೂ ಬಂದ ಹಾಗಿಲ್ಲ. ಎದ್ದಾಗಿನಿಂದ ಮಲಗುವ ತನಕ ಆ ಸಾಲನ್ನೇ ಓದುತ್ತಿರುತ್ತೇನೆ, ನಾನೇ ನಿನಗೆ ಬರೆದದ್ದು, ಒಂದು ಚಮಚಕ್ಕೆ ಯಾರೂ ಸಾಯುವುದಿಲ್ಲ. ನನ್ನ ಅಕ್ಷರವೇ ಕಣ್ಣ ಮುಂದೆ ನಿಲ್ಲುತ್ತದೆ.

ಬರೆ.

ಅಣ್ಣ

*

ಅಕ್ಟೋಬರ್ 4

ಅಣ್ಣಾ,

ಇದನ್ನು ಐದು ಸಲ ಬರೆದು ಹರಿದಿದ್ದೇನೆ. ಆರನೇ ಸಲ ಸುತ್ತಿ ಬಳಸದೆ ಬರೆಯುತ್ತೇನೆ. ನಿನ್ನ ಮೇ ತಿಂಗಳ ಕಾಗದ ನನ್ನ ಕೈಗೆ ಬಂದಿದ್ದು ಜೂನ್ ಹತ್ತಕ್ಕೆ. ಅಪ್ಪ ಹೋಗಿ ನಾಲ್ಕು ದಿನವಾಗಿತ್ತು. ಅಪ್ಪನಿಗೆ ಕೇಕು ಕೊಟ್ಟಿದ್ದು ಜೂನ್ ಒಂದಕ್ಕೆ. ನೀನು ಕೊಡು ಎಂದಿದ್ದು ನನಗೆ ಗೊತ್ತೇ ಇರಲಿಲ್ಲ. ನಾನೇ ಕೊಟ್ಟೆ.

ಅವತ್ತು ಭಾನುವಾರ. ಹೊಸ ಹಣ್ಣು ಬಂದಿತ್ತು, ನೀನು ಬರೆದ ಹಾಗೆ ಸಿಪ್ಪೆ ಬಿಡಿಸಿ ಮಾಡಿದೆ. ಅರ್ಧ ರುಬ್ಬಿದೆ, ಅರ್ಧ ಹಾಗೇ ಇಟ್ಟೆ, ನನಗೆ ಎಂದು. ರುಬ್ಬಿದ್ದಕ್ಕೆ ಎಂದಿನಂತೆ ಎರಡು ಬಡಿತ. ನಾನು ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ನನ್ನ ಪಾಲು ತಿನ್ನತೊಡಗಿದೆ. ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದ. ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ. ಅವನ ಮುಂದೆ ಕೂತು ತಿನ್ನುತ್ತಿದ್ದೇನಲ್ಲ ಎಂದು ನನಗೇ ಹೇಸಿಗೆಯಾಯಿತು. ಹತ್ತಿರ ಹೋಗಿ, "ಅಣ್ಣ ಬರೆದು ಕಳ್ಸಿದ ಹಾಗೇ ಮಾಡಿದೀನಪ್ಪ, ಇದು ಅವನ ಕೈದೇ ಅಂದ್ಕೋ. ಬೇಕಾ?" ಅಂದೆ. ನೀನು ಮೊದಲೇ ಹೇಳಬೇಡ ಎಂದಿದ್ದೆ, ಹೇಳಿಬಿಟ್ಟೆ. ಅವನು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ಒಂದು ಸಲ ಬಡಿದು ಬಾಯಿ ತೆರೆದ.

ಗೋಡೆಯ ಹಾಳೆ ನನ್ನ ಎದುರಿಗೇ ಇತ್ತು. ಗದ್ದ ಎದೆಗೆ ತಾಗಿಸಲಿಲ್ಲ, ದಿಂಬು ಸರಿ ಮಾಡಲಿಲ್ಲ, ಅಷ್ಟರಲ್ಲಿ ಬಾಯಿ ಮುಚ್ಚಿಬಿಟ್ಟಾನು ಎಂದು ಹೆದರಿಕೆ. ಒಂದು ಚಮಚ ಅಲ್ಲ ಅಣ್ಣ, ಮೂರು. ಮೂರಕ್ಕೂ ಒಂದೊಂದು ಬಡಿತ. ಬಾಯಿಯ ಎಡಪಕ್ಕ ನಗುವ ಹಾಗೆ ಆಯಿತು. ಕೆಮ್ಮಲಿಲ್ಲ, ಗೆದ್ದೆ ಅಂದುಕೊಂಡೆ.

ಸಂಕಟಪಟ್ಟನಾ ಎಂದು ನೀನು ಕೇಳಿದ್ದೆ. ಪಟ್ಟ. ಎರಡು ದಿನ ಬಹಳ ಪಟ್ಟ. ಕೊನೆಯ ದಿನ ಇಂಜೆಕ್ಷನ್ ಕೊಟ್ಟರು, ನಿದ್ದೆಯಲ್ಲೇ ಹೋದ. ನಿನಗೆ ಇನ್ನು ಸುಳ್ಳು ಬರೆಯುವುದಿಲ್ಲ.

ನುಂಗೋ ಟೀಚರ್ ಬಂದು, "ಕೊನೆಗೆ ಏನು ಕೊಟ್ರಿ?" ಎಂದು ಕೇಳಿದಳು. "ರುಬ್ಬಿದ್ದೇ" ಅಂದೆ. ಅವಳು ನನ್ನ ಕೈ ಹಿಡಿದುಕೊಂಡು, "ನೀವು ಎಲ್ಲ ಸರಿಯಾಗೇ ಮಾಡಿದ್ರಿ, ಕೆಲವು ಸಲ ಹೀಗಾಗುತ್ತೆ" ಅಂದಳು. ಆ ಮಾತು ಕೇಳಿದ ಮೇಲೆ ಯಾರಿಗೂ ನಿಜ ಹೇಳಲು ಬಾಯಿ ಬರಲಿಲ್ಲ.

ಜೂನ್ ಹತ್ತರ ಮಂಗಳವಾರ ನಿನ್ನ ಕಾಗದ ಬಂತು. ಮೆಟ್ಟಿಲ ಮೇಲೆ ನಿಂತೇ ಓದಿದೆ. ಏನಾದರೂ ಆದರೆ ನನ್ನ ತಲೆಯ ಮೇಲಿರಲಿ ಎಂದು ನೀನು ಬರೆದಿದ್ದೆ. ಯಾರೋ ಬಾಗಿಲಿಗೆ ಬಂದು, ಇಳಿಸಮ್ಮ, ನಾನು ಹೊರುತ್ತೇನೆ ಎಂದ ಹಾಗಾಯಿತು. ಇಳಿಸಿಬಿಟ್ಟೆ. ಹನ್ನೊಂದು ವರ್ಷ ಅಪ್ಪನ ಕೋಪ ನಾನು ಹೊತ್ತೆ, ಒಂದು ವರ್ಷ ಅವನ ಮೈ ಹೊತ್ತೆ, ಇದೊಂದನ್ನು ನೀನು ಹೊರು ಅನ್ನಿಸಿತು. ಆ ಹೊತ್ತಿಗೆ ಅದು ನ್ಯಾಯ ಎಂದೇ ಅನ್ನಿಸಿತು. ನೀನು ತಾರೀಕು ಹೋಲಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ನನ್ನನ್ನು ನಂಬಿದೆ.

ನಿನ್ನ ಜುಲೈ ಕಾಗದ ಬಂದಾಗಲೇ ಬರೆಯಬೇಕಿತ್ತು. ನಾಚಿಕೆಯಿಂದ ಬರೆಯಲಿಲ್ಲ. ಆಗಸ್ಟಿನದು ಬಂದಾಗ ಹೆದರಿಕೆಯಿಂದ ಬರೆಯಲಿಲ್ಲ. ನೀನು ಅಡುಗೆಮನೆ ಬಿಟ್ಟದ್ದು ಓದಿದ ಮೇಲೆ ನನಗೂ ಊಟ ಇಳಿಯುತ್ತಿಲ್ಲ.

ನೀನು ಕೊಂದಿಲ್ಲ. ನಿನ್ನ ಕೈಯದನ್ನು ಅಪ್ಪ ಗೊತ್ತಿದ್ದೂ ತಿಂದ. ಮತ್ತೆ ಅಡುಗೆಮನೆಗೆ ಹೋಗು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಇದು ತಲುಪಿದೆ ಎಂದು ಮಾತ್ರ ಬರೆ.

ನಿನ್ನ ತಂಗಿ

*

ನವೆಂಬರ್ 18

ಸಹೋದರಿಯವರಿಗೆ,

ನಾನು ನಿಮ್ಮ ಅಣ್ಣನವರ ಹಡಗಿನ ಸ್ಟೋರ್ ಕೀಪರ್. ಅಕ್ಕಿ, ಬೇಳೆ, ಹಗ್ಗ, ಬಣ್ಣ ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಬರೆಯುವುದು ನನಗೆ ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಿ.

ನಿಮ್ಮ ಕಾಗದ ಮೊನ್ನೆಯ ಚೀಲದಲ್ಲಿ ಬಂತು. ಅಷ್ಟರಲ್ಲಿ ಸೌಟಣ್ಣ ಹಡಗು ಬಿಟ್ಟು ಇಪ್ಪತ್ತೇಳು ದಿನವಾಗಿತ್ತು. ಹಿಂದಿನ ಬಂದರಿನಲ್ಲಿ ತಮ್ಮ ನಾವಿಕ ಪುಸ್ತಕಕ್ಕೆ ಕೆಲಸ ಬಿಟ್ಟ ಮೊಹರು ಹಾಕಿಸಿಕೊಂಡು ಇಳಿದುಹೋದರು. ಎಲ್ಲಿಗೆ ಎಂದು ಕೇಳಿದೆ. "ನನ್ನ ಅಡುಗೆ ತಿನ್ನದವ್ರು ಇರೋ ಹಡಗಿಗೆ" ಅಂದರು. ತಮಾಷೆ ಎಂದುಕೊಂಡು ನಕ್ಕೆ. ಈಗ ನಗಬಾರದಿತ್ತು ಅನ್ನಿಸುತ್ತದೆ.

ಅವರು ಬಹಳ ಸೊರಗಿಹೋಗಿದ್ದರು. ನಾವೆಲ್ಲ ಊಟಕ್ಕೆ ಕೂತರೆ ಅವರು ಎದ್ದು ಡೆಕ್ಕಿಗೆ ಹೋಗುತ್ತಿದ್ದರು, ಒಣ ಬ್ರೆಡ್ಡು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹೊಸ ಅಡುಗೆಯವನ ಕೈ ಚೆನ್ನಾಗಿಲ್ಲ ಎಂದು ನಾವು ಗೊಣಗಿದರೆ, "ಉಪವಾಸ ಇರಿ, ಬದುಕ್ತೀರಿ" ಎನ್ನುತ್ತಿದ್ದರು. ಪ್ರತಿ ಬಂದರಿನಲ್ಲೂ ಚೀಲ ಬಿಚ್ಚುವಾಗ ನನ್ನ ಪಕ್ಕ ಬಂದು ನಿಲ್ಲುತ್ತಿದ್ದರು. ಕೊನೆಯ ಸಲವೂ ನಿಂತಿದ್ದರು. ಏನೂ ಇಲ್ಲ ಎಂದು ಚೀಲ ಕೊಡವಿ ತೋರಿಸಿದೆ. ಅವತ್ತೇ ಇಳಿದರು.

ನಿಮ್ಮ ಕಾಗದವನ್ನು ಒಡೆಯದೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಕಂಪನಿಯ ಬಳಿ ಅವರ ಹೊಸ ವಿಳಾಸವಿಲ್ಲ. ಕೆಲಸ ಹುಡುಕುವ ನಾವಿಕರು ಬಂದರಿನ ತಂಗುಮನೆಗಳಲ್ಲಿ ಉಳಿಯುವುದು ರೂಢಿ. ನನಗೆ ಗೊತ್ತಿರುವ ಹದಿನೇಳು ವಿಳಾಸಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಕಾಗದವನ್ನು ಅಲ್ಲಿ ಯಾರೂ ಎತ್ತಿಡುವುದಿಲ್ಲ, ಗೋಡೆಗೆ ಅಂಟಿಸಿದ್ದನ್ನು ಮಾತ್ರ ಎಲ್ಲರೂ ಓದುತ್ತಾರೆ.

ಒಳ್ಳೆಯ ಅಡುಗೆಯವರು. ಸಿಕ್ಕರೆ ನಮ್ಮ ಹಡಗಿಗೇ ಬರಲು ಹೇಳಿ.

ಇಂತು,
ಸ್ಟೋರ್ ಕೀಪರ್

*

ಡಿಸೆಂಬರ್ 20

ತಂಗುಮನೆಯ ಮೇಲ್ವಿಚಾರಕರಿಗೆ,

ದಯವಿಟ್ಟು ಈ ಕಾರ್ಡನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬಾಗಿಲ ಹತ್ತಿರದ ಗೋಡೆಗೆ ಅಂಟಿಸಿ. ಇದೇ ಕಾರ್ಡನ್ನು ಹದಿನೇಳು ಕಡೆ ಕಳಿಸಿದ್ದೇನೆ. ಯಾರು ಬೇಕಾದರೂ ಓದಲಿ, ನನಗೆ ಸಂಕೋಚವಿಲ್ಲ. ನಲವತ್ತೆರಡು ವರ್ಷದವನು, ಎತ್ತರದ ಆಳು, ಎಡಗೈ ಹೆಬ್ಬೆರಳಿನ ಮೇಲೆ ಸುಟ್ಟ ಕಲೆಯಿದೆ, ಹಡಗಿನವರು ಸೌಟಣ್ಣ ಎನ್ನುತ್ತಾರೆ. ಅಡುಗೆ ಬರುತ್ತದಾ ಎಂದು ಕೇಳಿದರೆ ಇಲ್ಲ ಎಂದಾನು. ಕಂಡವರು ಇದನ್ನು ಅವನಿಗೆ ಓದಿ ಹೇಳಿ.

ಅಣ್ಣಾ, ನಿನ್ನ ಕಾಗದ ಬರುವುದಕ್ಕೆ ಒಂಬತ್ತು ದಿನ ಮುಂಚೆ ನಾನೇ ಅಪ್ಪನಿಗೆ ಮೂರು ಚಮಚ ಕೊಟ್ಟೆ. ನೀನು ಹೇಳಿದ್ದಕ್ಕೆ ಕೊಟ್ಟೆ ಎಂದು ನಿನಗೆ ಬರೆದದ್ದು ಸುಳ್ಳು. ಅಪ್ಪನನ್ನು ಕೊಂದದ್ದು ನನ್ನ ಕೈ. ಊಟ ಮಾಡು.

ಸುಳ್ಳು ಬರೆದವಳು,
ನಿನ್ನ ತಂಗಿ